ರೀಚ್ ಸ್ಟ್ಯಾಕರ್ ಬೂಮಿನ ಬಿರುಕು ನಿಲ್ಲಿಸಿದ್ದು ಹೀಗೆ

ಬೂಮ್ ಎಂಬ ಉದ್ದನೆಯ ಉಕ್ಕಿನ ತೋಳು ಚಾಚಿ, ಕಂಟೇನರನ್ನು ಮೇಲಿನಿಂದ ಹಿಡಿದು, ಒಂದರ ಮೇಲೊಂದು ಐದರವರೆಗೆ ಪೇರಿಸುವ ಯಂತ್ರ ರೀಚ್ ಸ್ಟ್ಯಾಕರ್. ಅದರ ತೂಕವೇ ಸುಮಾರು 70 ಟನ್. ಹತ್ತಿರದ ಸಾಲಿನಲ್ಲಿ 45 ಟನ್ ಎತ್ತುತ್ತದೆ. ಆಗ ಮುಂದಿನ ಆಕ್ಸಲ್ ಮೇಲೆ ಬೀಳುವ ಭಾರ 100 ಟನ್ ದಾಟುತ್ತದೆ. ಇಂಥ ಯಂತ್ರದ ಬೂಮ್ ವಿನ್ಯಾಸ ನನ್ನ ಕೆಲಸ.

ಎಷ್ಟು ಟನ್ ಎತ್ತುತ್ತೆ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ, ಎಷ್ಟು ಸಲ ಎತ್ತುತ್ತೆ ಅನ್ನೋದು. ಗಂಟೆಗೆ 15 ಕಂಟೇನರ್, ದಿನಕ್ಕೆ 20 ಗಂಟೆ, ವರ್ಷಕ್ಕೆ 300 ದಿನ ಅಂದ್ರೆ 90,000 ಸಲ. ಹತ್ತು ವರ್ಷಕ್ಕೆ 9 ಲಕ್ಷ. ಭಾರ ಮಿತಿ ಮೀರಿದರೆ ಕಾವಲಿಗೆ ಕಂಪ್ಯೂಟರ್ ಇದೆ. ಬೂಮಿನ ಕೋನ, ಉದ್ದ, ಅದನ್ನು ಎತ್ತುವ ಹೈಡ್ರಾಲಿಕ್ ಸಿಲಿಂಡರಿನ ಒತ್ತಡ ನೋಡಿ ಅದು ಯಂತ್ರವನ್ನು ತಡೆಯುತ್ತದೆ. ಆದರೆ ಲೋಹ ದಣಿಯುವುದನ್ನು, ಅಂದ್ರೆ ಮತ್ತೆ ಮತ್ತೆ ಭಾರ ಬಿದ್ದು ಬಿರುಕು ಬಿಡುವುದನ್ನು, ತಡೆಯಲು ಅಂಥ ಕಾವಲಿಲ್ಲ. ಅದನ್ನು ವಿನ್ಯಾಸದಲ್ಲೇ ನೋಡಿಕೊಳ್ಳಬೇಕು.

ಒಂದು ಯಾರ್ಡಿನಲ್ಲಿದ್ದ ನಮ್ಮ ಯಂತ್ರದ ಬೂಮಿನ ಮೇಲಿನ ಪ್ಲೇಟಿನಲ್ಲಿ ಬಿರುಕು ಬಂತು. ಕೆಳಗಿನಿಂದ ಸಿಲಿಂಡರುಗಳು ತಳ್ಳುವ ಜಾಗ ಅದು. ಅಲ್ಲಿ ಬೂಮ್ ಜಾಸ್ತಿ ಬಾಗುತ್ತದೆ, ಮೇಲಿನ ಪ್ಲೇಟು ಜಾಸ್ತಿ ಹಿಗ್ಗುತ್ತದೆ. ಬಿರುಕು ದೊಡ್ಡ ಬೆಸುಗೆಯಲ್ಲಿ ಶುರುವಾಗಿರಲಿಲ್ಲ. ಹೈಡ್ರಾಲಿಕ್ ಹೋಸ್ ಹಿಡಿದಿಡಲು ಹಾಕಿದ್ದ ಅಂಗೈಯಷ್ಟು ಬ್ರ್ಯಾಕೆಟ್ಟಿನ ಅಂಚಿನಲ್ಲಿ ಶುರುವಾಗಿತ್ತು.

ಬಿರುಕನ್ನು ಕೊರೆದು ತೆಗೆದು, ಬೆಸುಗೆ ತುಂಬಿ, ಮೇಲೊಂದು ತೇಪೆ ಪ್ಲೇಟು ಕೂರಿಸಿದೆ. ಅದು ನನ್ನ ತಪ್ಪು. ಕೆಲವೇ ತಿಂಗಳಲ್ಲಿ ತೇಪೆಯ ಅಂಚಿನಲ್ಲೇ ಹೊಸ ಬಿರುಕು ಕಾಣಿಸಿತು. ಹಿಗ್ಗುವ ದಿಕ್ಕಿಗೆ ಅಡ್ಡವಾಗಿ ನಾನೇ ಇನ್ನೊಂದು ಬೆಸುಗೆ ಹಾಕಿದ್ದೆ!

ಇನ್ನೂ ಗಟ್ಟಿ ಉಕ್ಕು ಬಳಸೋಣ ಎಂಬ ಸಲಹೆಯೂ ಬಂತು. ಕೇಳಲು ಸರಿ ಅನ್ನಿಸುತ್ತೆ, ಅಲ್ವಾ? ಆದರೆ ಬೆಸುಗೆಯ ಅಂಚಿನಲ್ಲಿ ಹುಟ್ಟುವ ಬಿರುಕಿಗೆ ಉಕ್ಕಿನ ಗಟ್ಟಿತನ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಎಣಿಕೆಗೆ ಬರುವುದು ಪ್ರತಿ ಸಲ ಏರಿ ಇಳಿಯುವ ಒತ್ತಡ. ಆಯಸ್ಸು ಸುಮಾರಾಗಿ ಆ ಏರಿಳಿತದ ಘನಕ್ಕೆ (ಮೂರನೇ ಘಾತಕ್ಕೆ) ತಕ್ಕಂತೆ ಕುಗ್ಗುತ್ತದೆ. ಆ ಏರಿಳಿತವನ್ನು ಶೇಕಡಾ 20ರಷ್ಟು ಇಳಿಸಿದರೆ ಆಯಸ್ಸು ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ.

ಹಾಗಾದರೆ ಏರಿಳಿತ ಎಲ್ಲಿಂದ ಬರುತ್ತಿದೆ? ಲೋಹ ಎಷ್ಟು ಹಿಗ್ಗಿತು, ಕುಗ್ಗಿತು ಎಂದು ಅಳೆಯುವ ಸ್ಟ್ರೇನ್ ಗೇಜ್ ಅಂಟಿಸಿ, ಒಂದು ವಾರ ಯಂತ್ರವನ್ನು ಎಂದಿನ ಕೆಲಸಕ್ಕೇ ಬಿಟ್ಟೆವು. ಮೊದಲ ದಿನವೇ ಆಪರೇಟರ್ ಹೇಳಿದ್ದರು: "ಸಾರ್, ಲೋಡ್ ಇದ್ದಾಗಲ್ಲ, ಖಾಲಿ ಓಡಿಸುವಾಗ್ಲೇ ಇದು ಜಾಸ್ತಿ ಕುಣಿಯೋದು." ದಾಖಲೆಯಲ್ಲೂ ಅದೇ ಬಂತು. ಎತ್ತಿ ಇಳಿಸುವಾಗ ಒಂದೊಂದೇ ದೊಡ್ಡ ಅಲೆ. ಖಾಲಿ ವೇಗವಾಗಿ ಹೋಗುವಾಗ, ಬೂಮಿನ ತುದಿಯಲ್ಲಿ ಕಂಟೇನರ್ ಹಿಡಿಯುವ ಚೌಕಟ್ಟು, ಅಂದ್ರೆ ಸ್ಪ್ರೆಡರ್, ಪ್ರತಿ ಗುಂಡಿಗೂ ಜಿಗಿದು, ಒಂದರ ಹಿಂದೊಂದು ಹತ್ತಾರು ಅಲೆ. ಲೆಕ್ಕದಲ್ಲಿ ನಾನು ಅವನ್ನು ಸೇರಿಸಿಯೇ ಇರಲಿಲ್ಲ.

ಆಮೇಲೆ ಮಾಡಿದ ಕೆಲಸ ದೊಡ್ಡದಲ್ಲ. ತೇಪೆ ಕಿತ್ತು, ಮೇಲಿನ ಪ್ಲೇಟಿನ ಆ ತುಂಡನ್ನೇ ಬದಲಿಸಿ, ಬೆಸುಗೆಯನ್ನು ಪ್ಲೇಟಿನ ಮಟ್ಟಕ್ಕೆ ನುಣ್ಣಗೆ ಗ್ರೈಂಡ್ ಮಾಡಿಸಿದೆ. ಬ್ರ್ಯಾಕೆಟ್ಟನ್ನು ಬೂಮಿನ ಪಕ್ಕದ ಗೋಡೆಯ ನಡು ಎತ್ತರಕ್ಕೆ ಸರಿಸಿದೆ. ಬೂಮ್ ಬಾಗಿದರೂ ಅಲ್ಲಿ ಲೋಹ ಹೆಚ್ಚು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಎತ್ತುವ ಸಿಲಿಂಡರುಗಳ ಸಾಲಿಗೆ ನೈಟ್ರೋಜನ್ ತುಂಬಿದ ಅಕ್ಯುಮುಲೇಟರ್ ಜೋಡಿಸಿದೆವು; ಅದರೊಳಗಿನ ಅನಿಲ ಸ್ಪ್ರಿಂಗಿನಂತೆ ಕುಲುಕಾಟವನ್ನು ನುಂಗುತ್ತದೆ. ಕುಣಿತ ತಗ್ಗಿತು. ಗೇಜಿನ ಗೆರೆ ಶಾಂತವಾದದ್ದನ್ನು ನೋಡಿದಾಗ ಆದ ಸಮಾಧಾನ ಇನ್ನೂ ನೆನಪಿದೆ.

ಎರಡು ವರ್ಷದ ಮೇಲೆ ಕೆಂಪು ಬಣ್ಣ ಹಚ್ಚಿ ಬಿರುಕು ಹುಡುಕುವ ಪರೀಕ್ಷೆ ಮಾಡಿದೆವು. ಒಂದು ಗೆರೆಯೂ ಕಾಣಲಿಲ್ಲ. ಈಗ ನಮ್ಮ ಡ್ರಾಯಿಂಗಿನಲ್ಲಷ್ಟೇ ಅಲ್ಲ, ಬೂಮಿನ ಮೇಲೂ "ಇಲ್ಲಿ ವೆಲ್ಡಿಂಗ್ ಮಾಡಬೇಡಿ" ಎಂದು ಬರೆಸುತ್ತೇವೆ. ಮುಂದೆ ಯಾರಾದರೂ ಲೈಟು ಕೂರಿಸಲು ಸುಮ್ನೆ ಒಂದು ತುಂಡು ಕಬ್ಬಿಣ ಅಂಟಿಸಬಹುದಲ್ಲ, ಅವರ ಕಣ್ಣಿಗೆ ಬೀಳಲಿ ಅಂತ.