ಜಪಾನಿನಿಂದ ಡಿಎಸ್ ಲೈಟ್ ತರಿಸಿಕೊಂಡೆ: ನನ್ನ ಅನುಭವ

ಡಿಎಸ್ ಲೈಟ್ ಅಂದರೆ ನಿಂಟೆಂಡೊ ಕಂಪನಿಯ ಹಳೆಯ ಗೇಮ್ ಸೆಟ್. ಎರಡು ಪರದೆ, ಪುಸ್ತಕದಂತೆ ಮಡಚಬಹುದು, ಕೈಯಲ್ಲೇ ಹಿಡಿದು ಆಡಬಹುದು. ಅದರ ಪಾರ್ಸೆಲ್ ಬಿಚ್ಚಿದ ಐದೇ ನಿಮಿಷಕ್ಕೆ ಅಡಾಪ್ಟರ್ ಹಿಡಿದು ಗೋಡೆಯ ಪ್ಲಗ್ಗಿನ ಹತ್ತಿರ ಹೋಗಿದ್ದೆ. ಎರಡು ಚಪ್ಪಟೆ ಕಡ್ಡಿಯ ಜಪಾನಿ ಪ್ಲಗ್. ಅದಕ್ಕೆಂದೇ ಒಂದು ಕನ್ವರ್ಟರ್ ಪಿನ್ನೂ ತಂದಿಟ್ಟಿದ್ದೆ. ಅಪ್ಪ "ತಡಿ, ಕೊಡು ಇಲ್ಲಿ" ಅಂದರು. ಮೂವತ್ತು ವರ್ಷ ವೈರಿಂಗ್ ಕೆಲಸ ಮಾಡಿದವರು. ಕನ್ನಡಕವನ್ನು ಹಣೆಗೆ ಏರಿಸಿ, ಅಡಾಪ್ಟರನ್ನು ಕಣ್ಣಿನ ಹತ್ತಿರ ಹಿಡಿದು, ಬೆನ್ನಿನ ಮೇಲಿದ್ದ ಸಣ್ಣ ಅಕ್ಷರ ಓದಿದರು. ಇನ್‌ಪುಟ್ ಎಸಿ 100 ವೋಲ್ಟ್. "ನಮ್ಮನೇಲಿ ಬರೋದು 230. ಇದನ್ನ ಹಾಕಿದ್ರೆ ಸುಟ್ಟುಹೋಗುತ್ತೆ" ಅಂದರು.

ಕನ್ವರ್ಟರ್ ಪಿನ್ ಬರೀ ಕಡ್ಡಿಯ ಆಕಾರ ಬದಲಾಯಿಸುತ್ತದೆ, ವೋಲ್ಟೇಜ್ ಇಳಿಸುವುದಿಲ್ಲ. ಈ ಮಾತನ್ನು ಎಲ್ಲಕ್ಕಿಂತ ಮೊದಲೇ ಹೇಳಿಬಿಡುತ್ತೇನೆ. ಹೊರದೇಶದಿಂದ ಹಳೆಯ ಗೇಮ್ ಕನ್ಸೋಲ್ ತರಿಸುವವರು ಬೆಲೆ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಇದನ್ನು ನೋಡುವುದಿಲ್ಲ. ಈಗಿನ ನಿಂಟೆಂಡೊ ಸ್ವಿಚ್‌ನ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತದೆ, ಅದಕ್ಕೆ ಭಯವಿಲ್ಲ. ಹಳೆಯ ಜಪಾನಿ ಅಡಾಪ್ಟರ್‌ಗಳ ಕಥೆ ಬೇರೆ. ಆಮೇಲೆ ನಾನು ಡಿಎಸ್ ಲೈಟ್‌ಗೆ ಹೊಂದುವ ಯುಎಸ್‌ಬಿ ಕೇಬಲ್ ತಂದೆ. ಮಾಮೂಲಿ 5 ವೋಲ್ಟ್ ಫೋನ್ ಚಾರ್ಜರಿಗೆ ಸಿಕ್ಕಿಸಿದೆ. ಕಿತ್ತಳೆ ಬಣ್ಣದ ಸಣ್ಣ ದೀಪ ಹತ್ತಿತು.

ಡಿಎಸ್ ಲೈಟೇ ಯಾಕೆ ಅಂತ ಕೇಳಬಹುದು. ನನಗೆ ಮೊದಲು ಬೇಕೆನಿಸಿದ್ದು ಅದೇ ಕಂಪನಿಯಿಂದ ಆಮೇಲೆ ಬಂದ 3ಡಿಎಸ್. ಬುಕ್ ಮಾಡುವ ಹಂತಕ್ಕೂ ಹೋಗಿದ್ದೆ. ಓದುತ್ತಾ ಹೋದಾಗ ಗೊತ್ತಾಯಿತು, 3ಡಿಎಸ್‌ಗೆ ರೀಜನ್ ಲಾಕ್ ಇದೆ. ಜಪಾನಿನಲ್ಲಿ ಕೊಂಡದ್ದರಲ್ಲಿ ಅಮೆರಿಕದ 3ಡಿಎಸ್ ಗೇಮ್ ಓಡುವುದಿಲ್ಲ, ಮೆನು ಕೂಡ ಜಪಾನಿ ಭಾಷೆಯಲ್ಲಿ ಮಾತ್ರ. 2006ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಬಂದ ಡಿಎಸ್ ಲೈಟ್‌ಗೆ ಆ ಬೀಗ ಇಲ್ಲ. ಜಪಾನಿ ಸೆಟ್‌ನಲ್ಲೇ ಇಂಗ್ಲಿಷ್ ಮೆನು ಇಟ್ಟುಕೊಳ್ಳಬಹುದು. ಕೆಳಗಿನ ಎರಡನೇ ಸ್ಲಾಟ್‌ನಲ್ಲಿ ಇದಕ್ಕೂ ಹಿಂದಿನ ಸೆಟ್ ಆದ ಗೇಮ್ ಬಾಯ್ ಅಡ್ವಾನ್ಸ್‌ನ ಕಾರ್ಟ್ರಿಜ್ (ಆಟ ತುಂಬಿದ ಸಣ್ಣ ಬಿಲ್ಲೆ) ಕೂಡ ಕೂರುತ್ತದೆ. ಒಂದೇ ಸೆಟ್‌ನಲ್ಲಿ ಎರಡು ಕಾಲದ ಆಟ ಆಡಬಹುದು. ನನಗೆ ಅಷ್ಟು ಸಾಕಿತ್ತು.

ಇಲ್ಲೇ ಕೊಳ್ಳೋಣ ಅಂತ ಬೆಂಗಳೂರಿನ ಎಸ್‌ಪಿ ರೋಡ್, ನ್ಯಾಷನಲ್ ಮಾರ್ಕೆಟ್ ಎರಡೂ ಸುತ್ತಿದೆ. ಸಿಕ್ಕ ಒಂದೆರಡು ಸೆಟ್‌ಗಳಿಗೆ ಹೊರಗಿನ ಕವಚ ಬದಲಾಯಿಸಿದ್ದರು. ಹಾಗೆ ಮಾಡಿದವು ನೋಡಲು ಹೊಸದರಂತೆ ಹೊಳೆಯುತ್ತವೆ. ಗುಂಡಿ ಒತ್ತಿದರೆ ಮಾತ್ರ ಕೈಗೆ ಸಡಿಲ ಅನ್ನಿಸುತ್ತದೆ. ಮೂಲ ಕವಚದ ಸೆಟ್ ಬೇಕಿದ್ದರಿಂದ ಜಪಾನಿನ ಕಡೆ ನೋಡಿದೆ.

ಅಲ್ಲಿನ ಬಹುತೇಕ ಆನ್‌ಲೈನ್ ಹರಾಜು ತಾಣಗಳ ಮಾರಾಟಗಾರರು ಹೊರದೇಶಕ್ಕೆ ಕಳಿಸುವುದಿಲ್ಲ. ನಡುವೆ ಒಬ್ಬ ಏಜೆಂಟ್ ಬೇಕು. ನಮ್ಮ ಪರವಾಗಿ ಕೊಂಡು, ತನ್ನ ಗೋದಾಮಿಗೆ ತರಿಸಿಕೊಂಡು, ಆಮೇಲೆ ಭಾರತಕ್ಕೆ ಕಳಿಸುತ್ತಾನೆ. ಜಾಹೀರಾತುಗಳೆಲ್ಲ ಜಪಾನಿಯಲ್ಲಿ ಇರುತ್ತವೆ. ಫೋನಿನ ಅನುವಾದವನ್ನೇ ಪೂರ್ತಿ ನಂಬಲು ಧೈರ್ಯ ಬರಲಿಲ್ಲ, ಮೂರು ಪದ ಕಲಿತೆ. 'ಜಂಕು' ಅಂತ ಇದ್ದರೆ ಕೆಟ್ಟಿರಬಹುದು ಅಥವಾ ಪರೀಕ್ಷೆ ಮಾಡಿಲ್ಲ, ವಾಪಸ್ ತಗೊಳ್ಳುವುದಿಲ್ಲ ಅಂತ ಅರ್ಥ. 'ಕಿಬಾಮಿ' ಅಂದರೆ ಹಳದಿ ಬಣ್ಣಕ್ಕೆ ತಿರುಗಿರುವುದು. ಹಳೆಯ ಡಿಎಸ್ ಲೈಟ್‌ಗಳ ಪರದೆಗೆ ಇದು ಆಗುತ್ತದೆ. ಮೂರನೆಯದು 'ದೋಸಾ ಕಕುನಿನ್ ಜುಮಿ', ಅಂದರೆ ಓಡಿಸಿ ನೋಡಲಾಗಿದೆ. ಇದು ನನಗೆ ಒಂದೇ ಸಲಕ್ಕೆ ನೆನಪಾಗಿ ಉಳಿಯಿತು. ದಾವಣಗೆರೆಯಲ್ಲಿ ಹುಟ್ಟಿದವಳಿಗೆ ದೋಸೆ ಮರೆಯುತ್ತಾ?

2022ರ ಜುಲೈನಲ್ಲಿ ಕೊಂಡೆ. ಆಗ ಯೆನ್ ಬೆಲೆ ಇಳಿದಿತ್ತು, 100 ಯೆನ್‌ಗೆ ಸುಮಾರು 58 ರೂಪಾಯಿ. ಮೊದಲ ಸಲ ಕಾರ್ಡ್ ತಿರಸ್ಕಾರವಾಯಿತು. 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಹೊಸ ಕಾರ್ಡ್‌ಗಳಲ್ಲಿ ಹೊರದೇಶದ ವ್ಯವಹಾರ ಮುಚ್ಚಿಯೇ ಬರುತ್ತದೆ, ಬೇಕಾದವರು ತೆರೆದುಕೊಳ್ಳಬೇಕು. ಬ್ಯಾಂಕ್ ಆ್ಯಪ್‌ನಲ್ಲಿ ತೆರೆದೆ, ಕೊಂಡ ಮೇಲೆ ಮತ್ತೆ ಮುಚ್ಚಿದೆ.

ಲೆಕ್ಕ ಹೀಗಿತ್ತು. ಸೆಟ್‌ಗೆ 4,800 ಯೆನ್. ಜಪಾನಿನ ಒಳಗಿನ ಸಾಗಣೆ ಮತ್ತು ಏಜೆಂಟ್ ಶುಲ್ಕ 1,200. ಇಲ್ಲಿಗೆ ಕೊರಿಯರ್ 3,500. ಕಾರ್ಡ್‌ನವರ ಕರೆನ್ಸಿ ಶುಲ್ಕವನ್ನೂ ಸೇರಿಸಿದರೆ ಹತ್ತಿರ ಹತ್ತಿರ 5,750 ರೂಪಾಯಿ. ಇಷ್ಟಕ್ಕೇ ಮುಗಿಯಿತು ಅಂದುಕೊಂಡವರಿಗೆ ಕಸ್ಟಮ್ಸ್‌ನಲ್ಲಿ ಏಟು ಬೀಳುತ್ತದೆ. ಸ್ವಂತ ಬಳಕೆಗೆ ತರಿಸಿದ ವಸ್ತುವಿಗೆ ಆಗ ಮೂಲ ಸುಂಕವೇ 35 ಪರ್ಸೆಂಟ್. ಅದರ ಹತ್ತನೇ ಒಂದು ಭಾಗ ಸಮಾಜ ಕಲ್ಯಾಣ ಸರ್‌ಚಾರ್ಜ್. ಇವೆರಡನ್ನೂ ಬೆಲೆಗೆ ಕೂಡಿಸಿ, ಆ ಮೊತ್ತದ ಮೇಲೆ 28 ಪರ್ಸೆಂಟ್ ಐಜಿಎಸ್‌ಟಿ, ಅಂದರೆ ಆಮದಿನ ಮೇಲಿನ ಜಿಎಸ್‌ಟಿ. ಒಟ್ಟು 77.28 ಪರ್ಸೆಂಟ್. ಅದೂ ಬರೀ ಸೆಟ್‌ನ ಬೆಲೆಗಲ್ಲ, ಇಲ್ಲಿಗೆ ಬರುವ ಕೊರಿಯರ್ ಖರ್ಚನ್ನೂ ಸೇರಿಸಿ ಹಾಕುತ್ತಾರೆ. ನನಗೆ 3,720 ರೂಪಾಯಿ ಸುಂಕ ಬಿತ್ತು. ಕೊರಿಯರ್‌ನವರ ಕ್ಲಿಯರೆನ್ಸ್ ಶುಲ್ಕ 590. ಸುಮಾರು 2,800 ರೂಪಾಯಿಯ ಸೆಟ್ ಮನೆಗೆ ಬರುವ ಹೊತ್ತಿಗೆ 10,000 ದಾಟಿತು. ಈ ದರಗಳು ಆಗಾಗ ಬದಲಾಗುತ್ತವೆ, ನೀವು ಕೊಳ್ಳುವ ವಾರ ಏನಿದೆ ಅಂತ ನೋಡಿಕೊಳ್ಳಿ. ಲೆಕ್ಕ ಹಾಕುವ ಕ್ರಮ ಗೊತ್ತಿದ್ದರೆ ದುಡ್ಡು ಕಟ್ಟುವ ಮುಂಚೆಯೇ ನಿಜವಾದ ಬೆಲೆ ತಿಳಿಯುತ್ತದೆ.

ಏಜೆಂಟ್ ಕಡೆಯವರು "ಗಿಫ್ಟ್ ಅಂತ ಬರೆಯೋಣವಾ, ಬೆಲೆ ಕಡಿಮೆ ತೋರಿಸೋಣವಾ" ಎಂದು ಕೇಳಿದ್ದರು. ಬೇಡ ಅಂದೆ. 2019ರ ಡಿಸೆಂಬರ್‌ನಲ್ಲೇ ರಾಖಿ, ಜೀವ ಉಳಿಸುವ ಔಷಧಿ ಬಿಟ್ಟರೆ ಉಳಿದ ಗಿಫ್ಟ್‌ಗಳಿಗೆ ಇದ್ದ ಸುಂಕದ ವಿನಾಯಿತಿ ತೆಗೆದುಹಾಕಿದ್ದರು. ಸುಳ್ಳು ಬೆಲೆ ಬರೆಸುವುದು ತಪ್ಪು ಅನ್ನೋದು ಒಂದು ಕಡೆ. ದಾರಿಯಲ್ಲಿ ಪಾರ್ಸೆಲ್ ಕಳೆದುಹೋದರೆ ಬರೆದಷ್ಟೇ ಬೆಲೆಗೆ ಪರಿಹಾರ ಕೇಳಬೇಕಾಗುತ್ತದೆ ಅನ್ನೋದು ಇನ್ನೊಂದು ಕಡೆ. ಇನ್ನೊಂದು ಬಿಡಿ ಬ್ಯಾಟರಿ ಜೊತೆಗೆ ಹಾಕಿ ಅಂದಿದ್ದಕ್ಕೆ ಅವರು ಒಪ್ಪಲಿಲ್ಲ. ಲಿಥಿಯಂ ಬ್ಯಾಟರಿ ಸೆಟ್‌ನ ಒಳಗೇ ಇದ್ದರೆ ಸರಿ, ಬಿಡಿಯಾಗಿ ವಿಮಾನದಲ್ಲಿ ಕಳಿಸುವುದಿಲ್ಲ ಅಂದರು. ಅದು ಸರಿಯಾದ ಮಾತೇ.

ಇನ್ನು ಸೆಟ್ ಹೇಗಿತ್ತು? ಜಾಹೀರಾತಿನಲ್ಲಿ 'ಸಣ್ಣ ಗೀರುಗಳು' ಅಂತಷ್ಟೇ ಇತ್ತು, ಆರು ಫೋಟೊ ಇದ್ದವು. ಮನೆಯಲ್ಲಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಬಲಗಡೆಯ ಹಿಂಜ್, ಅಂದರೆ ಮಡಚುವ ಕೀಲಿನ ಮೇಲೆ ಕೂದಲೆಳೆಯಷ್ಟು ತೆಳ್ಳಗಿನ ಬಿರುಕು. ಮುಚ್ಚಿದರೆ ಕಾಣುವುದಿಲ್ಲ, ಪೂರ್ತಿ ತೆರೆದರೆ ಬಾಯಿ ಬಿಡುತ್ತದೆ. ಡಿಎಸ್ ಲೈಟ್‌ನಲ್ಲಿ ಮೊದಲು ಸೋಲುವ ಜಾಗವೇ ಅದು. ಆರು ಫೋಟೊಗಳಲ್ಲಿ ಒಂದೂ ಆ ಮೂಲೆಯದ್ದಲ್ಲ. ನನಗೆ ನಿಜವಾಗಿ ಬೇಜಾರಾಯಿತು. ಅಷ್ಟು ದೂರದಿಂದ ವಾಪಸ್ ಕಳಿಸುವ ಖರ್ಚು ಸೆಟ್‌ನ ಬೆಲೆಯನ್ನೇ ಮುಟ್ಟುತ್ತದೆ. ಹಾಗಾಗಿ ಹಿಂಜ್‌ನ ಹತ್ತಿರದ ಫೋಟೊ ಕೊಡದ ಮಾರಾಟಗಾರರಿಂದ ನಾನು ಈಗ ಕೊಳ್ಳುವುದಿಲ್ಲ. ಅದರ ಜೊತೆಗೆ ಎರಡೂ ಪರದೆ ಪೂರ್ತಿ ಬೆಳಗಿರುವ ಫೋಟೊ ಕೇಳಿ. ಎರಡೂ ಪರದೆಯ ಬಿಳಿ ಒಂದೇ ತರಹ ಇದೆಯಾ ಅಂತ ಅಕ್ಕಪಕ್ಕ ಹೋಲಿಸಿದರೆ ಕಿಬಾಮಿ ತಕ್ಷಣ ಗೊತ್ತಾಗುತ್ತದೆ. ಮೇಲಂಚಿನ ಎಡ ಬಲ ಮೂಲೆಗಳಲ್ಲಿರುವ ಎಲ್ ಮತ್ತು ಆರ್ ಗುಂಡಿಗಳ ಬಗ್ಗೆಯೂ ಕೇಳಿ, ಡಿಎಸ್ ಲೈಟ್‌ನಲ್ಲಿ ಅವೂ ಬೇಗ ಕೈಕೊಡುತ್ತವೆ.

ಉಳಿದದ್ದೆಲ್ಲ ಚೆನ್ನಾಗಿತ್ತು. ಆನ್ ಮಾಡಿದಾಗ ಜಪಾನಿಯಲ್ಲಿ ಎಚ್ಚರಿಕೆಯ ಪರದೆ ಬಂತು, ಮುಟ್ಟಿದೆ, ಮೆನು ತೆರೆಯಿತು. ಸೆಟ್ಟಿಂಗ್ಸ್ ಒಳಗೆ ಹುಡುಕಾಡಿ ಭಾಷೆಗಳ ಪಟ್ಟಿ ತಲುಪಿದೆ. ಅಲ್ಲಿ ಇಂಗ್ಲಿಷ್ ಅಂತ ಕಂಡಾಗ ಆದ ಸಮಾಧಾನ ಇನ್ನೂ ನೆನಪಿದೆ.

ಎರಡನೇ ಸೆಟ್‌ಗೆ ದಾರಿಯನ್ನೇ ಬದಲಾಯಿಸಿದೆ. 2023ರ ಜನವರಿಯಲ್ಲಿ ಸಹೋದ್ಯೋಗಿಯೊಬ್ಬರು ಕೆಲಸದ ಮೇಲೆ ಓಸಾಕಾದಲ್ಲಿದ್ದರು. ಅಲ್ಲಿನ ನಿಪ್ಪೊನ್‌ಬಾಶಿಯ ಡೆನ್ ಡೆನ್ ಟೌನ್‌ನಲ್ಲಿ ಹಳೆಯ ಗೇಮ್ ಅಂಗಡಿಗಳು ಸಾಲಾಗಿವೆ. ಅಂಗಡಿಯವರನ್ನು ಕೇಳಿ, ವಿಡಿಯೊ ಕಾಲ್‌ನಲ್ಲಿ ನನಗೆ ಹಿಂಜ್ ತೋರಿಸಿದರು, ಪರದೆ ತೋರಿಸಿದರು, ಎಲ್ ಆರ್ ಒತ್ತಿ ತೋರಿಸಿದರು. ಡಬ್ಬಿ ಇಲ್ಲದ ಬಿಳಿ ಸೆಟ್, 5,500 ಯೆನ್. ಹೊರದೇಶದಿಂದ ಬರುವ ಭಾರತೀಯರಿಗೆ ಆಗ ಬ್ಯಾಗೇಜಿನಲ್ಲಿ 50,000 ರೂಪಾಯಿವರೆಗೆ ಸುಂಕ ಇರಲಿಲ್ಲ. ಅವರು ತಂದ ಸಾಮಾನೆಲ್ಲ ಸೇರಿ ಆ ಮಿತಿಯ ಒಳಗೇ ಇತ್ತು. ಕೈಚೀಲದಲ್ಲೇ ಇಟ್ಟುಕೊಂಡು ತಂದುಕೊಟ್ಟರು. ನನಗೆ ಬಿದ್ದದ್ದು ಸುಮಾರು 3,400 ರೂಪಾಯಿ, ಜೊತೆಗೆ ಅವರಿಗೆ ಒಂದು ಊಟ. ನಂಬಿಕೆಯ ಜನ ಅಲ್ಲಿಗೆ ಹೋಗಿಬರುತ್ತಿದ್ದರೆ ಕಾಯಿರಿ, ಅವಸರ ಬೇಡ.

ಗೇಮ್‌ಗಳ ಬಗ್ಗೆ ಒಂದು ಮಾತು. ಸೆಟ್ ಇಂಗ್ಲಿಷ್‌ಗೆ ತಿರುಗಿದರೂ ಜಪಾನಿ ಕಾರ್ಟ್ರಿಜ್‌ಗಳಲ್ಲಿ ಎಷ್ಟೋ ಜಪಾನಿಯಲ್ಲೇ ಉಳಿಯುತ್ತವೆ. ಮಾತು ಜಾಸ್ತಿ ಇರುವ ಆಟ ಬಿಟ್ಟು ಓಟ, ಒಗಟಿನ ಆಟಗಳನ್ನು ಆರಿಸಿಕೊಂಡೆ. ಮೊದಲು ತಂದದ್ದು ಮಾರಿಯೊ ಕಾರ್ಟ್ ಡಿಎಸ್. ಅದರಲ್ಲಿ ಒಂದೇ ಕಾರ್ಟ್ರಿಜ್ ಇದ್ದರೂ ಪಕ್ಕದವರ ಸೆಟ್‌ಗೆ ವೈರ್‌ಲೆಸ್‌ನಲ್ಲಿ ಆಟ ಕಳಿಸಬಹುದು.

ಬಿರುಕು ಬಿಟ್ಟ ಸೆಟ್ ನನ್ನ ಕೈಯಲ್ಲಿದೆ, ಬಿಳಿಯದ್ದು ಅಕ್ಕನ ಮಗಳ ಕೈಯಲ್ಲಿ. ಕಾರ್ಟ್ರಿಜ್ ಇಲ್ಲದವರಿಗೆ ಆ ಆಟದಲ್ಲಿ ಸಿಗುವುದು ಮುಖವಾಡ ಹಾಕಿದ ಶೈ ಗೈ ಒಬ್ಬನೇ. ಮೊದಲ ವಾರ ಅವಳಿಗೆ ಅವನೇ ಸಾಕಾಗಿದ್ದ. ಈಗ ಪ್ರತಿ ಭಾನುವಾರ ಫೋನ್ ಮಾಡಿ, ಓಸಾಕಾಗೆ ಮತ್ತೆ ಯಾರು ಹೋಗುತ್ತಾರೆ ಅಂತ ಕೇಳುತ್ತಾಳೆ.