ಟೆಕ್ಸಾಸಿನಲ್ಲಿ ಟೀಚರ್ ಸರ್ಟಿಫಿಕೇಟ್ ರಿನ್ಯೂ ಮಾಡಿಸುವವರಿಗೆ

ಊರಲ್ಲಿ ಬಿ.ಎಡ್. ಒಮ್ಮೆ ಮುಗಿಸಿದರೆ ಆಯಿತು, ಅದು ಕೊನೆಯವರೆಗೂ ನಮ್ಮದೇ. ಟೆಕ್ಸಾಸಿನಲ್ಲಿ ಹಾಗಲ್ಲ. ಇಲ್ಲಿನ ಸ್ಟ್ಯಾಂಡರ್ಡ್ ಸರ್ಟಿಫಿಕೇಟ್ 5 ವರ್ಷಕ್ಕೆ ಮಾತ್ರ. ಅಷ್ಟರೊಳಗೆ ತರಗತಿ ಟೀಚರ್‌ಗಳು 150 ಗಂಟೆ ತರಬೇತಿ ಪಡೆದಿರಬೇಕು. ಕೌನ್ಸೆಲರ್, ಲೈಬ್ರರಿಯನ್, ಪ್ರಿನ್ಸಿಪಾಲ್ ಆದರೆ 200.

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಸರ್ಟಿಫಿಕೇಟ್ ಅಂತ ನೋಡಿಕೊಳ್ಳಿ. ಒಂದೇ ವರ್ಷದ್ದಾದರೆ ಈ ಲೆಕ್ಕ ಅದಕ್ಕಲ್ಲ. ಆ ಅವಧಿಯಲ್ಲಿ ಬಾಕಿ ಪರೀಕ್ಷೆಗಳನ್ನು ಪಾಸು ಮಾಡಿ ಸ್ಟ್ಯಾಂಡರ್ಡ್ ಪಡೆಯುವ ಕಡೆ ಗಮನ ಕೊಡಿ.

150 ಅಂದ ಕೂಡಲೇ ಗಾಬರಿ ಬೇಡ. ವರ್ಷಕ್ಕೆ 30 ಗಂಟೆ, ಅಷ್ಟೇ ಅಲ್ವಾ? ಆಗಸ್ಟ್‌ನಲ್ಲಿ ಶಾಲೆ ಶುರುವಾಗುವ ಮುಂಚೆ, ಇಲ್ಲಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಕೂಲ್ ಡಿಸ್ಟ್ರಿಕ್ಟ್‌ನವರೇ ಕೊಡುವ ಟ್ರೈನಿಂಗ್‌ನಲ್ಲಿ ಒಳ್ಳೆಯ ಪಾಲು ಬಂದುಬಿಡುತ್ತದೆ. ಕಾಲೇಜಿನಲ್ಲಿ ಕೋರ್ಸ್ ಮಾಡಿದರೆ ಒಂದು ಕ್ರೆಡಿಟ್‌ಗೆ 15 ಗಂಟೆ. ವಾರದ ಕೊನೆಗೆ ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೀರಲ್ಲ, ಅದನ್ನು ಖಂಡಿತ ಬಿಡಬೇಡಿ. ಆದರೆ ಈ ಲೆಕ್ಕಕ್ಕೆ ಅದು ಸೇರುವುದಿಲ್ಲ.

ನಿಜವಾದ ಕೆಲಸ ಇರುವುದು ಕಾಗದ ಪತ್ರದಲ್ಲಿ. ನಿಮ್ಮ ಗಂಟೆಗಳ ದಾಖಲೆಯನ್ನು ಟೆಕ್ಸಾಸ್ ಎಜುಕೇಶನ್ ಏಜೆನ್ಸಿ (ರಾಜ್ಯದ ಶಿಕ್ಷಣ ಇಲಾಖೆ) ಇಟ್ಟಿರುವುದಿಲ್ಲ, ನೀವೇ ಇಟ್ಟುಕೊಳ್ಳಬೇಕು. ರಿನ್ಯೂ ಮಾಡುವಾಗ ಗಂಟೆ ಪೂರೈಸಿದ್ದೇನೆ ಎಂದು ನೀವು ದೃಢೀಕರಿಸುತ್ತೀರಿ. ಆಮೇಲೆ ಆಡಿಟ್ ಬಂದರೆ ಪುರಾವೆ ತೋರಿಸಲೇಬೇಕು. ಹಾಗಾಗಿ ಪ್ರತಿ ಟ್ರೈನಿಂಗ್ ಮುಗಿದ ದಿನವೇ ಸರ್ಟಿಫಿಕೇಟ್ ಡೌನ್‌ಲೋಡ್ ಮಾಡಿ, ತೆರೆದು ನೋಡಿ. ನಿಮ್ಮ ಹೆಸರು, ಟ್ರೈನಿಂಗ್ ಕೊಟ್ಟವರು, ವಿಷಯ, ತಾರೀಖು, ಗಂಟೆ ಎಲ್ಲ ಇರಬೇಕು. ಹೆಸರಿನ ವಿಷಯದಲ್ಲಿ ನಮ್ಮವರು ಸ್ವಲ್ಪ ಜಾಸ್ತಿ ಹುಷಾರಾಗಿರಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿಕೊಂಡು ಊರ ಹೆಸರು, ಅಪ್ಪನ ಹೆಸರು, ಮದುವೆಯಾದ ಮೇಲೆ ಮತ್ತೊಂದು. ಏಜೆನ್ಸಿಯ ಖಾತೆಯಲ್ಲಿ ಇರುವ ಹೆಸರನ್ನೇ ಎಲ್ಲ ಕಡೆಯೂ ಕೊಡಿ.

ಬೇರೆ ಡಿಸ್ಟ್ರಿಕ್ಟ್‌ಗೆ ಹೋಗುವವರು ಕೆಲಸ ಬಿಡುವ ಮೊದಲೇ ಹಳೆಯ ಡಿಸ್ಟ್ರಿಕ್ಟಿನ ಟ್ರೈನಿಂಗ್ ಪೋರ್ಟಲ್‌ನಿಂದ ಎಲ್ಲವನ್ನೂ ಇಳಿಸಿಕೊಳ್ಳಿ. ಲಾಗಿನ್ ನಿಂತುಹೋದ ಮೇಲೆ ಯಾರ ಯಾರಿಗೋ ಫೋನ್ ಮಾಡಿ ಕೇಳಿಕೊಳ್ಳುವುದು ತುಂಬ ಕಷ್ಟ.

ಅವಧಿ ಮುಗಿಯುವ 6 ತಿಂಗಳು ಮೊದಲೇ ಆನ್‌ಲೈನ್‌ನಲ್ಲಿ ರಿನ್ಯೂ ಮಾಡಬಹುದು. ಶುಲ್ಕ ಕಟ್ಟುವುದು ಕಾರ್ಡಿನಲ್ಲಿ. ಕಾಗದದ ಸರ್ಟಿಫಿಕೇಟ್ ಅಂಚೆಯಲ್ಲಿ ಬರುತ್ತದೆ ಎಂದು ಕಾಯಬೇಡಿ, ಆನ್‌ಲೈನ್‌ನಲ್ಲಿ ಕಾಣುವುದೇ ಅಧಿಕೃತ. ದಿನ ಮೀರಿದರೆ ಅದು ನಿಷ್ಕ್ರಿಯವಾಗುತ್ತದೆ, ತಡವಾದದ್ದಕ್ಕೆ ಹೆಚ್ಚಿನ ಶುಲ್ಕವೂ ಬೀಳುತ್ತದೆ.

ಬೇರೆ ರಾಜ್ಯದಲ್ಲಿರುವ ಗೆಳೆಯರ ಮಾತು ಕೇಳಿ ಇಲ್ಲಿ ನಡೆಯಬೇಡಿ. ನ್ಯೂಜೆರ್ಸಿಯ ಸ್ಟ್ಯಾಂಡರ್ಡ್ ಸರ್ಟಿಫಿಕೇಟ್‌ಗೆ ಅವಧಿಯೇ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 5 ವರ್ಷಕ್ಕೊಮ್ಮೆ ರಿನ್ಯೂ ಮಾಡಬೇಕು, ಆದರೆ ಅದಕ್ಕೆ ತರಬೇತಿ ಗಂಟೆ ಕೇಳುವುದಿಲ್ಲ.

ಎಚ್4 ವೀಸಾದಲ್ಲಿ (ಕೆಲಸದ ವೀಸಾ ಇರುವವರ ಸಂಗಾತಿಗೆ ಸಿಗುವ ವೀಸಾ) ಇರುವವರು ಇನ್ನೊಂದು ತಾರೀಖನ್ನೂ ಬರೆದಿಟ್ಟುಕೊಳ್ಳಿ. ಟೀಚರ್ ಸರ್ಟಿಫಿಕೇಟ್ ಚಾಲ್ತಿಯಲ್ಲಿದ್ದರೂ ಇಎಡಿ ಕಾರ್ಡಿನ, ಅಂದರೆ ಕೆಲಸದ ಪರವಾನಗಿಯ, ಅವಧಿ ಮುಗಿದಿದ್ದರೆ ಕೆಲಸ ಮಾಡುವಂತಿಲ್ಲ.