ಪಕ್ಕದ ಟೆಂಟಿನವರ ಗದ್ದಲವೇ? ಕತ್ತಲಾಗುವ ಮೊದಲೇ ಹೋಗಿ ಮಾತಾಡಿ

ಟೆಂಟಿಗೆ ಗೋಡೆ ಇರುವುದಿಲ್ಲ. ಪಕ್ಕದವರು ಚಿಪ್ಸ್ ಪೊಟ್ಟಣ ಹರಿದರೂ ಕೇಳುತ್ತದೆ. ಇನ್ನು ಬ್ಲೂಟೂತ್ ಸ್ಪೀಕರ್ ಹಾಕಿದರೆ ಆ ರಾತ್ರಿ ನಿದ್ದೆ ಹೋಯಿತು ಅಂತಲೇ ಲೆಕ್ಕ.

ನಮ್ಮ ಮನೆ ಹಾಸನದಲ್ಲಿ. ನಾನು, ನನ್ನ ಯಜಮಾನರು, ಇಬ್ಬರು ಮಕ್ಕಳು ಎಂಟು ವರ್ಷದಿಂದ ಟೆಂಟಿನಲ್ಲಿ ಉಳಿಯಲು ಹೋಗುತ್ತಿದ್ದೇವೆ. ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಕಡೆಯೇ ಜಾಸ್ತಿ. ಕಾಫಿ ತೋಟದವರು ಒಂದಿಷ್ಟು ಜಾಗ ಮಟ್ಟ ಮಾಡಿಸಿ ಹತ್ತು ಹದಿನೈದು ಟೆಂಟು ಹಾಕಿಸಿರುತ್ತಾರಲ್ಲ, ಅಂಥ ಕಡೆ. ಜೀರುಂಡೆ ಸದ್ದು ಕೇಳುತ್ತಾ ಮಲಗಬೇಕು ಅಂತ ಆಸೆಪಟ್ಟು ಹೋಗುವವರಿಗೆ ಗದ್ದಲ ಎಷ್ಟು ಸಂಕಟ ಕೊಡುತ್ತದೆ ಅಂತ ನನಗೆ ಗೊತ್ತು.

ಮೊದಲ ವರ್ಷ ಸಕಲೇಶಪುರದ ಹತ್ತಿರ ಒಂದು ತೋಟದಲ್ಲಿ ನಾವು ಮಾಡಿದ್ದೆಲ್ಲ ತಪ್ಪೇ. ಪಕ್ಕದಲ್ಲಿ ಹನ್ನೆರಡು ಹುಡುಗರ ಗುಂಪು. ಒಂಬತ್ತಕ್ಕೆ ಹಾಡು ಶುರುವಾಯಿತು. ಇನ್ನೇನು ನಿಲ್ಲಿಸುತ್ತಾರೆ ಅಂತ ಸುಮ್ನೆ ಕಾದೆವು. ಹನ್ನೊಂದು ಮುಕ್ಕಾಲಿಗೆ ಯಜಮಾನರು ತಾಳ್ಮೆ ಕಳೆದುಕೊಂಡು ಟೆಂಟಿನ ಒಳಗಿಂದಲೇ ಕೂಗಿದರು, "ಏಯ್, ಸಾಕು ನಿಲ್ಲಿಸ್ರೋ!" ಅಷ್ಟೇ, ಸದ್ದು ಇನ್ನೂ ಏರಿತು. ನಾಲ್ಕು ವರ್ಷದ ಮಗಳು ಅಳುವುದಕ್ಕೆ ಶುರುಮಾಡಿದಳು. ವಾಪಸ್ ಹೊರಡೋಣ ಅಂದರೆ ಅದು ಆನೆ ಓಡಾಡುವ ದಾರಿ, ರಾತ್ರಿ ಗಾಡಿ ತೆಗೆಯಬೇಡಿ ಅಂತ ತೋಟದ ಲೆಕ್ಕ, ಕೆಲಸ ನೋಡಿಕೊಳ್ಳುವ ರೈಟರ್ ಸಂಜೆಯೇ ಹೇಳಿದ್ದರು. ಮೂರು ಗಂಟೆವರೆಗೆ ಕಾರಿನೊಳಗೆ ಗಾಜು ಏರಿಸಿಕೊಂಡು ಕೂತಿದ್ದೆವು.

ಆ ರಾತ್ರಿಯಿಂದ ನಾನು ಕಲಿತದ್ದು ಒಂದೇ. ಗದ್ದಲ ಶುರುವಾದ ಮೇಲೆ ಮಾಡುವ ಕೆಲಸಕ್ಕಿಂತ, ಶುರುವಾಗುವ ಮೊದಲು ಮಾಡುವ ಕೆಲಸ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಬುಕ್ ಮಾಡುವಾಗ

ಫೋನಿನಲ್ಲಿ "ಅಲ್ಲಿ ಶಾಂತವಾಗಿ ಇರುತ್ತಾ?" ಅಂತ ಕೇಳಬೇಡಿ. ಎಲ್ಲರೂ ಹೌದು ಅಂತಲೇ ಹೇಳುತ್ತಾರೆ. ನಾನು ಹೀಗೆ ಕೇಳುತ್ತೇನೆ: "ಮ್ಯೂಸಿಕ್ ಎಷ್ಟು ಗಂಟೆವರೆಗೆ ಹಾಕಬಹುದು?" ನಮಗೆ ಬೇಕೋ ಬೇಡವೋ ಅನ್ನುವುದು ಅವರಿಗೆ ಗೊತ್ತಾಗಬಾರದು. "ಎಷ್ಟೊತ್ತಿನವರೆಗೆ ಬೇಕಾದ್ರೂ ಹಾಕ್ಕೊಳ್ಳಿ ಮೇಡಂ" ಅಂದರೆ ಆ ಜಾಗ ನಮಗಲ್ಲ. "ಹತ್ತಕ್ಕೆ ನಿಲ್ಲಿಸಬೇಕು" ಅಂದರೆ ಮಾತು ಮುಂದುವರಿಸುತ್ತೇನೆ. ಆ ದಿನ ದೊಡ್ಡ ಗುಂಪು ಯಾವುದಾದರೂ ಬರುತ್ತಿದೆಯಾ ಅಂತಲೂ ಕೇಳಿ.

ಸಾಧ್ಯವಾದರೆ ಶನಿವಾರದ ರಾತ್ರಿ ಬಿಟ್ಟು ಭಾನುವಾರದ ರಾತ್ರಿ ಉಳಿಯಿರಿ. ಸೋಮವಾರ ಒಂದು ರಜೆ ಹಾಕಬೇಕಾಗುತ್ತದೆ, ನಿಜ. ಆದರೆ ಬೆಂಗಳೂರಿನ ಗುಂಪುಗಳು ಭಾನುವಾರ ಮಧ್ಯಾಹ್ನವೇ ಹೊರಟಿರುತ್ತವೆ. ಕಾಡಿನೊಳಗಿನ ಜಾಗ ಬೇಕು ಅನ್ನುವವರು ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರ ಕ್ಯಾಂಪುಗಳನ್ನು ನೋಡಬಹುದು. ಕುದುರೆಮುಖದ ಭಗವತಿ, ಹೆಬ್ರಿ ಹತ್ತಿರದ ಸೀತಾನದಿ ಕ್ಯಾಂಪಿನಲ್ಲಿ ಉಳಿದಾಗ ನಮಗೆ ಒಂದು ಸ್ಪೀಕರೂ ಕೇಳಿಸಲಿಲ್ಲ.

ಟೆಂಟಿನ ಜಾಗ

ಮಧ್ಯಾಹ್ನ ಮೂರರೊಳಗೆ ತಲುಪಿದರೆ ಜಾಗ ಆರಿಸಿಕೊಳ್ಳಬಹುದು. ಬೆಂಕಿ ಹಾಕುವ ಜಾಗ, ಬಾತ್‌ರೂಮು, ಗಾಡಿ ನಿಲ್ಲಿಸುವ ಕಡೆ, ಮೂರರಿಂದಲೂ ದೂರ ಇರಲಿ. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. 10 ಮೀಟರ್ ಇದ್ದದ್ದು 40 ಮೀಟರ್ ಆದರೆ 12 ಡೆಸಿಬಲ್ ಕಡಿಮೆ. ನಮ್ಮ ಕಿವಿಗೆ ಅದು ಅರ್ಧಕ್ಕಿಂತ ಕಡಿಮೆ ಅನ್ನಿಸುತ್ತದೆ. ಐವತ್ತು ಹೆಜ್ಜೆ ಜಾಸ್ತಿ ನಡೆದರೆ ಇಷ್ಟು ಲಾಭ.

ಸಂಜೆ ಆರೂವರೆ

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಪಕ್ಕದವರು ಬಂದು ಸಾಮಾನು ಇಳಿಸಿ, ಟೀ ಕುಡಿದು, ಇನ್ನೂ ಬಾಟಲಿ ತೆಗೆಯದೆ ಇರುವ ಹೊತ್ತು ಒಂದಿರುತ್ತದೆ. ಸುಮಾರು ಆರೂವರೆ. ಆಗ ಹೋಗಿ ಮಾತಾಡಿಸಿ. ಬರಿಗೈಯಲ್ಲಿ ಹೋಗಬೇಡಿ. ನಾನು ಮಂಡಕ್ಕಿಗೆ ಈರುಳ್ಳಿ, ಕ್ಯಾರೆಟ್ ತುರಿ ಕಲಸಿ ಒಂದು ಡಬ್ಬಿ ಒಯ್ಯುತ್ತೇನೆ.

ಕಳೆದ ಜನವರಿಯಲ್ಲಿ ಮೂಡಿಗೆರೆ ಹತ್ತಿರ ಹೀಗೇ ಹೋದೆ. ಎಂಟು ಜನ ಕಾಲೇಜು ಹುಡುಗರು. ಊರು ಯಾವುದು, ಏನು ಓದುತ್ತಿದ್ದೀರಿ ಅಂತ ಎರಡು ಮಾತಾಡಿದೆ. ಆಮೇಲೆ ನೇರವಾಗಿ ಹೇಳಿದೆ, "ನೋಡ್ರಪ್ಪಾ, ನೀವು ಖುಷಿಯಾಗಿ ಇರೋಕೆ ಬಂದಿದ್ದೀರಿ. ಹಾಡು ಹಾಕ್ಕೊಳ್ಳಿ. ನಮ್ಮ ಚಿಕ್ಕವನು ಒಂಬತ್ತಕ್ಕೆಲ್ಲ ಮಲಗ್ತಾನೆ. ರಾತ್ರಿ ಸ್ವಲ್ಪ ಕಡಿಮೆ ಮಾಡ್ತೀರಾ?" ಒಬ್ಬ ಹುಡುಗ ಕೇಳಿದ, "ಎಷ್ಟೊತ್ತಿಗೆ ಆಫ್ ಮಾಡ್ಬೇಕು ಆಂಟಿ?" ಹತ್ತು ಅಂದೆ. ಸರಿ ಅಂದರು.

ಇಲ್ಲಿ ಗಂಟೆ ಹೇಳುವುದು ಮುಖ್ಯ. "ಸ್ವಲ್ಪ ನೋಡ್ಕೊಳ್ಳಿ" ಅಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ.

ಹತ್ತೂಕಾಲಾದರೂ ಹಾಡು ನಿಲ್ಲಲಿಲ್ಲ. ಟಾರ್ಚ್ ಹಿಡಿದು ಹೋದೆ. ಟಾರ್ಚ್ ನೆಲಕ್ಕೆ ಬಿಡಿ, ಯಾರ ಮುಖಕ್ಕೂ ಬಿಡಬೇಡಿ. ಸಂಜೆ ಮಾತಾಡಿದ್ದ ಹುಡುಗನನ್ನೇ ಕರೆದೆ. "ಒಂದು ನಿಮಿಷ ನಮ್ಮ ಟೆಂಟಿನ ಹತ್ತಿರ ಬಾ, ನೀನೇ ಕೇಳು." ಬಂದು ನಿಂತ. ಅವನಿಗೇ ಆಶ್ಚರ್ಯವಾಯಿತು. "ಇಷ್ಟು ಜೋರಾಗಿ ಕೇಳುತ್ತಾ!"

ಅವನು ನಾಟಕ ಮಾಡುತ್ತಿರಲಿಲ್ಲ. ರಾತ್ರಿ ಹೊತ್ತು ನೆಲ ಬೇಗ ತಣ್ಣಗಾಗುತ್ತದೆ. ನೆಲದ ಹತ್ತಿರದ ಗಾಳಿ ತಂಪಾಗಿ, ಅದರ ಮೇಲಿನ ಗಾಳಿ ಬೆಚ್ಚಗೇ ಉಳಿಯುತ್ತದೆ. ಆಗ ಶಬ್ದ ಮೇಲೆ ಹೋಗದೆ ನೆಲದ ಕಡೆ ಬಾಗುತ್ತದೆ, ದೂರದವರೆಗೂ ಬರುತ್ತದೆ. ಕಣಿವೆಯಲ್ಲಿ, ಕೆರೆ ಪಕ್ಕದಲ್ಲಿ ಇನ್ನೂ ಜಾಸ್ತಿ. ಮಧ್ಯಾಹ್ನ ಯಾರಿಗೂ ತೊಂದರೆ ಕೊಡದ ಸದ್ದು ರಾತ್ರಿ ಹಾಗಿರುವುದಿಲ್ಲ. ಸ್ಪೀಕರ್ ಪಕ್ಕ ಕೂತವರಿಗೆ ಇದು ತಿಳಿಯುವುದೇ ಇಲ್ಲ. ಅದಕ್ಕೇ ಬೈಯುವ ಬದಲು ಕರೆತಂದು ಕೇಳಿಸಿ.

ಹಾಡು ನಿಂತಿತು. ಮಾತು, ನಗು ಒಂದು ಗಂಟೆವರೆಗೂ ಇತ್ತು. ಅದಕ್ಕೆ ನಾನು ಹೋಗಲಿಲ್ಲ. ಗೆಳೆಯರು ಬೆಂಕಿ ಸುತ್ತ ಕೂತು ಮಾತಾಡುವುದನ್ನೂ ಬೇಡ ಅನ್ನುವುದು ನ್ಯಾಯವಲ್ಲ. ಫೋಮ್ ಇಯರ್‌ಪ್ಲಗ್ ಹಾಕಿಕೊಂಡು ಮಲಗಿದೆ. ಅದನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಟ್ಟು, ಅರಳುವವರೆಗೆ ಒತ್ತಿ ಹಿಡಿಯಬೇಕು. ಮಾತಿನ ಸದ್ದಿಗೆ ಅದು ಸಾಕು, ಢಂ ಢಂ ಅನ್ನುವ ಬೇಸ್‌ಗೆ ಅಷ್ಟಾಗಿ ಸಾಲದು. ಸಣ್ಣ ಮಕ್ಕಳಿಗೆ ಹಾಕಬೇಡಿ, ಬಾಯಿಗೆ ಹಾಕಿಕೊಂಡುಬಿಡುತ್ತಾರೆ.

ಕುಡಿದಿದ್ದರೆ

ಪಕ್ಕದವರು ಜಾಸ್ತಿ ಕುಡಿದಿದ್ದಾರೆ ಅನ್ನಿಸಿದರೆ ನೀವು ಹೋಗಲೇಬೇಡಿ. ಗಂಡಸರೂ ಹೋಗಬೇಡಿ, ಅದು ಜಗಳದಲ್ಲೇ ಮುಗಿಯುತ್ತದೆ. ನೋಡಿಕೊಳ್ಳುವವರನ್ನು ಕರೆಯಿರಿ. ಆದರೆ ಅಲ್ಲಿರುವುದು ಸಾಮಾನ್ಯವಾಗಿ ಸಂಬಳಕ್ಕಿರುವ ಊರಿನ ಹುಡುಗ. ದುಡ್ಡು ಕೊಟ್ಟು ಬಂದವರಿಗೆ ಎದುರು ಹೇಳುವುದು ಅವನಿಗೂ ಕಷ್ಟ. ಅದಕ್ಕೆ ಮಾಲೀಕರ ನಂಬರ್ ಸಂಜೆಯೇ ತೆಗೆದುಕೊಂಡಿರಿ. ಫೋನ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಬೆಳಕಿರುವಾಗಲೇ ನೋಡಿಟ್ಟುಕೊಳ್ಳಿ. ಮಾಲೀಕರಿಗೆ ಹೇಳಬೇಕಾದ ಮಾತು ಚಿಕ್ಕದಾಗಿರಲಿ: ಯಾವ ಟೆಂಟು, ಎಷ್ಟು ಹೊತ್ತಿಂದ, ಏನು ಸದ್ದು.

ಕಾನೂನು ನಿಮ್ಮ ಕಡೆ ಇದೆ ಅನ್ನುವುದೂ ಗೊತ್ತಿರಲಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬಗಳಿಗೆ ಸರ್ಕಾರ ವರ್ಷದಲ್ಲಿ ಕೆಲವು ದಿನ ಮಧ್ಯರಾತ್ರಿವರೆಗೆ ಅವಕಾಶ ಕೊಡಬಹುದು, ಟೆಂಟಿನ ಪಾರ್ಟಿ ಅದರಲ್ಲಿ ಬರುವುದಿಲ್ಲ. ಬೆದರಿಕೆ, ಹೊಡೆದಾಟ, ಹೆಣ್ಣುಮಕ್ಕಳಿಗೆ ಕೆಟ್ಟ ಮಾತು ಬಂದರೆ ಯೋಚಿಸದೆ 112ಕ್ಕೆ ಫೋನ್ ಮಾಡಿ. ಹಾಡಿಗೆ ಮಾತ್ರ ಆದರೆ ನಾನು ಮಾಲೀಕರ ಹತ್ತಿರವೇ ನಿಲ್ಲಿಸುತ್ತೇನೆ. ಘಟ್ಟದ ತೋಟಕ್ಕೆ ಪೊಲೀಸರು ಬರುವುದಕ್ಕೂ ಹೊತ್ತು ಹಿಡಿಯುತ್ತದೆ.

ನಮ್ಮ ಸದ್ದು

ಒಂದು ಸಲ ಮುಳ್ಳಯ್ಯನಗಿರಿಯಲ್ಲಿ ಸೂರ್ಯೋದಯ ನೋಡಬೇಕು ಅಂತ ನಾಲ್ಕೂವರೆಗೆ ಎದ್ದು ಹೊರಟೆವು. ಕಾರಿನ ಬಾಗಿಲು ಆರು ಸಲ ತೆಗೆದು ಹಾಕಿದೆವು. ರಿಮೋಟಿನ ಕೀಂ ಕೀಂ ಬೇರೆ. ಹೆಡ್‌ಲೈಟು ಪಕ್ಕದ ಟೆಂಟಿನ ಮೇಲೆ ಬಿದ್ದಿತ್ತು. ಅಲ್ಲಿದ್ದ ವಯಸ್ಸಾದ ಅಮ್ಮ ಮರುದಿನ ಮೆತ್ತಗೆ ಹೇಳಿದರು, "ನನಗೆ ಆಮೇಲೆ ನಿದ್ದೆನೇ ಬರಲಿಲ್ಲ ಕಣಮ್ಮಾ." ಈಗ ಬೇಗ ಹೊರಡುವುದಿದ್ದರೆ ರಾತ್ರಿಯೇ ಸಾಮಾನು ಕಾರಿಗೆ ತುಂಬಿಡುತ್ತೇವೆ. ಕೀಲಿ ತಿರುಗಿಸಿಯೇ ಬಾಗಿಲು ತೆಗೆಯುತ್ತೇವೆ. ಪಕ್ಕದವರಿಗೆ ಸಂಜೆಯೇ ಹೇಳಿಯೂ ಇರುತ್ತೇವೆ.

ಬೆಳಗ್ಗೆ

ಹೊರಡುವ ಮೊದಲು ಮಾಲೀಕರಿಗೆ ನಡೆದದ್ದು ಹೇಳಿ. ಚೆನ್ನಾಗಿ ನಡೆದುಕೊಂಡವರ ಬಗ್ಗೆಯೂ ಹೇಳಿ. ಒಂದು ತೋಟದಲ್ಲಿ ನಾನು ಕೆಲಸದವರು ಇರುವ ಲೈನ್ ಮನೆಗಳ ಮಾತು ತೆಗೆದೆ. ಕಾಫಿ ಕೊಯ್ಲಿನ ಕಾಲ, ಕೆಲಸದವರು ಬೆಳಗ್ಗೆ ಬೇಗ ಏಳಬೇಕು, ಟೆಂಟಿನ ಸದ್ದು ಅವರ ಮನೆಗಳಿಗೂ ಹೋಗುತ್ತದೆ ಅಂದೆ. ನಾವು ಒಂದು ರಾತ್ರಿ ನಿದ್ದೆಗೆಟ್ಟು ಮನೆಗೆ ಹೋಗುತ್ತೇವೆ, ಅವರಿಗೆ ಪ್ರತಿ ಶನಿವಾರ ಇದೇ ಪಾಡು. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಮುಂದಿನ ಸಲ ಹೋದಾಗ ಗೇಟಿನಲ್ಲಿ ಬೋರ್ಡು ಇತ್ತು: "ರಾತ್ರಿ 10ರ ಮೇಲೆ ಸ್ಪೀಕರ್ ಇಲ್ಲ. ಇಲ್ಲಿ ಕೆಲಸದವರ ಮನೆಗಳಿವೆ." ಆ ರಾತ್ರಿ ನನ್ನ ಮಂಡಕ್ಕಿ ಡಬ್ಬಿಯನ್ನು ಪಕ್ಕದವರಿಗೆ ಸುಮ್ನೆ ಕೊಟ್ಟು ಬಂದೆ, ಏನೂ ಕೇಳಬೇಕಾಗಲಿಲ್ಲ.